ಇಂಗ್ಲೆಂಡಿಗೆ ಬಂದ ಮೇಲೆ ಮಕ್ಕಳನ್ನು ನಂಬಿಕೆಯಲ್ಲಿ ಬೆಳೆಸುವುದು: ಕೋಲಾರದ ಸಹೋದರಿಗೆ ಉತ್ತರ

ಸಿಸ್ಟರ್, ಯೇಸುಸ್ವಾಮಿಯ ನಾಮದಲ್ಲಿ ವಂದನೆ. ಕೋಲಾರ ಬಿಟ್ಟು ಬಂದು ಎರಡು ತಿಂಗಳು, ಮಗನಿಗೆ ಏಳು, ಮಗಳಿಗೆ ನಾಲ್ಕು. ಅಲ್ಲಿ ಅಜ್ಜಿ, ಸಂಡೇ ಸ್ಕೂಲ್ ಟೀಚರ್, ಅಯ್ಯನವರು ಎಲ್ಲ ಇದ್ದರು, ಇಲ್ಲಿ ನಾನೊಬ್ಬಳೇ ಹೇಳಿಕೊಡುವಷ್ಟು ನನಗೇ ಗೊತ್ತಿಲ್ಲ ಅಂತ ಬರೆದಿದ್ದೀರಿ. ನಿಮಗೆ ಬೇಕಾದಷ್ಟು ಗೊತ್ತಿದೆ. ಅಲ್ಲಿ ಹತ್ತು ಜನ ಹಂಚಿಕೊಂಡಿದ್ದ ಕೆಲಸ ಇಲ್ಲಿ ಗಂಡ ಹೆಂಡತಿ ಇಬ್ಬರ ತಲೆಗೇ ಬಂದಿದೆ, ಅದಕ್ಕೇ ಧೈರ್ಯ ಸಾಲುತ್ತಿಲ್ಲ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಶೇ 1.87. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರಲ್ಲಿ ಕ್ರೈಸ್ತರು ಎಂದು ಬರೆಸಿದವರು ಶೇ 46.2. ಆದರೂ ನಿಮ್ಮ ಮಗನ ತರಗತಿಯಲ್ಲಿ ಭಾನುವಾರ ಆರಾಧನೆಗೆ ಹೋಗುವವನು ಅವನೊಬ್ಬನೇ ಇರಬಹುದು. ಕೋಲಾರಮ್ಮನ ಗುಡಿ, ದರ್ಗಾದ ಉರುಸ್, ನಮ್ಮ ಕ್ರಿಸ್‌ಮಸ್ ಕ್ಯಾರಲ್ ಎಲ್ಲ ಒಂದೇ ಊರಲ್ಲಿ ನೋಡುತ್ತ ಬೆಳೆದವರು ನೀವು. ಬೇರೆ ಧರ್ಮದವರ ನಡುವೆ ಮರ್ಯಾದೆಯಿಂದ ಬಾಳುವುದನ್ನು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿ ಪ್ರತಿ ಮನೆಯಲ್ಲೂ ಯಾವುದೋ ಒಂದು ಪೂಜೆ, ಪ್ರಾರ್ಥನೆ ಇತ್ತು. ಇಲ್ಲಿ ಶೇ 37.2 ಜನ ಯಾವ ಧರ್ಮವೂ ಇಲ್ಲ ಎಂದು ಬರೆಸಿದ್ದಾರೆ. ಹಾಗಾಗಿ ಮಗ ‘ಯಾವ ದೇವರು ನಿಜ’ ಎನ್ನುವುದಕ್ಕಿಂತ ಮುಂಚೆ ‘ನಾವು ಮಾತ್ರ ಯಾಕಮ್ಮ ಚರ್ಚಿಗೆ ಹೋಗಬೇಕು?’ ಎಂದು ಕೇಳುತ್ತಾನೆ. ನೀವು ತಯಾರಾಗಬೇಕಿರುವುದು ಈ ಪ್ರಶ್ನೆಗೆ.

ಇದಕ್ಕೆ ‘ನಾವು ಕ್ರೈಸ್ತರು, ಅದಕ್ಕೆ’ ಎಂದರೆ ಇಲ್ಲಿ ನಡೆಯುವುದಿಲ್ಲ. ಗಂಡ ಹೆಂಡತಿ ಕೂತು, ನಿಮ್ಮ ಬದುಕಲ್ಲಿ ದೇವರು ಯಾಕೆ ಬೇಕಾಯಿತು ಎಂದು ತಲಾ ಮೂರು ನಾಲ್ಕು ವಾಕ್ಯ ಬರೆಯಿರಿ. ‘ಪಾಪವಿಮೋಚನೆ’ಯಂಥ ಪ್ರಸಂಗದ ಮಾತು ಬೇಡ, ಏಳು ವರ್ಷದವನಿಗೆ ಅರ್ಥವಾಗುವ ಹಾಗಿರಲಿ. ಬರೆದದ್ದನ್ನು ಒಬ್ಬರಿಗೊಬ್ಬರು ಗಟ್ಟಿಯಾಗಿ ಓದಿ ಹೇಳಿ. ಬಾಯಿಂದ ಒಮ್ಮೆ ಆಚೆ ಬಂದರೆ ಮಗನ ಮುಂದೆ ತಡವರಿಸುವುದಿಲ್ಲ. ಡೈನೋಸಾರ್ ಬಗ್ಗೆ, ಸತ್ತವರ ಬಗ್ಗೆ ಗೊತ್ತಿಲ್ಲದ್ದು ಕೇಳಿದರೆ ‘ಒಳ್ಳೆ ಪ್ರಶ್ನೆ, ಶನಿವಾರ ಹೇಳ್ತೀನಿ’ ಅನ್ನಿ, ಕ್ಯಾಲೆಂಡರಿನಲ್ಲಿ ಬರೆದಿಡಿ, ಶನಿವಾರ ತಪ್ಪದೆ ಹೇಳಿ. ಗೊತ್ತಿಲ್ಲ ಅನ್ನುವುದರಿಂದ ಮಕ್ಕಳ ಕಣ್ಣಲ್ಲಿ ನೀವು ಚಿಕ್ಕವರಾಗುವುದಿಲ್ಲ. ಹೇಳ್ತೀನಿ ಅಂದು ಮರೆತರೆ ಮಾತ್ರ ಅವರು ಕೇಳುವುದನ್ನೇ ಬಿಡುತ್ತಾರೆ.

ಕುಟುಂಬ ಪ್ರಾರ್ಥನೆಗೆ ಹತ್ತು ನಿಮಿಷ ಸಾಕು, ಮಲಗುವ ಮುಂಚೆ. ಮಾರ್ಕನ ಸುವಾರ್ತೆಯಿಂದ ಶುರುಮಾಡಿ. ಹದಿನಾರೇ ಅಧ್ಯಾಯ, ಹೆಚ್ಚಿನದು ನಡೆದ ಘಟನೆಗಳೇ. ಒಂದು ಸಲಕ್ಕೆ ಆರೇಳು ವಚನ. ಉದಾಹರಣೆಗೆ 4ನೇ ಅಧ್ಯಾಯ 35ರಿಂದ 41: ದೋಣಿಯೊಳಗೆ ನೀರು ತುಂಬುತ್ತಿದೆ, ಯೇಸು ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ನಿದ್ದೆ ಮಾಡುತ್ತಿದ್ದಾನೆ. ಓದಿ, ‘ಇದರಲ್ಲಿ ನಿನಗೆ ಏನು ಆಶ್ಚರ್ಯ ಅನ್ನಿಸ್ತು?’ ಎಂದು ಒಂದೇ ಪ್ರಶ್ನೆ ಕೇಳಿ. ‘ಅಷ್ಟು ಗಾಳೀಲಿ ನಿದ್ದೆ ಹೇಗೆ ಬಂತು?’ ಅಂದರೆ ಅಲ್ಲಿಗೇ ಮಾತು ಹಿಡಿಯಿರಿ, ನೀತಿಪಾಠಕ್ಕೆ ಎಳೆಯಬೇಡಿ. ಆಮೇಲೆ ಒಬ್ಬೊಬ್ಬರು ಒಂದೊಂದು ವಾಕ್ಯದ ಪ್ರಾರ್ಥನೆ. ಸಾಮಾನ್ಯವಾಗಿ ಇದು ಕೆಡುವುದು ಅಪ್ಪನ ಪ್ರಾರ್ಥನೆ ಉದ್ದವಾದಾಗ, ಇಲ್ಲವೇ ಬೆಳಿಗ್ಗೆಯ ತಂಟೆಗೆ ಪ್ರಾರ್ಥನೆಯಲ್ಲೇ ಬೈದಾಗ. ಮಗು ಆ ಹೊತ್ತಿಗೇ ಹೆದರಿಕೊಳ್ಳುತ್ತದೆ. ಎರಡು ದಿನ ತಪ್ಪಿದರೆ ಮೂರನೇ ದಿನ ಸುಮ್ಮನೆ ಮುಂದುವರಿಸಿ, ಬಾಕಿ ತೀರಿಸಲು ಹೋಗಬೇಡಿ.

ಕಥೆ ಇಂಗ್ಲಿಷಿನಲ್ಲಿ ಓದಿದರೂ ಪರವಾಗಿಲ್ಲ, ಪ್ರಾರ್ಥನೆ ಮಾತ್ರ ಕನ್ನಡದಲ್ಲೇ ಇರಲಿ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಇಬ್ಬರಿಗೂ ಬಾಯಿಪಾಠ ಆಗಲಿ. 23ನೇ ಕೀರ್ತನೆಯಲ್ಲಿ ಆರೇ ವಚನ. ವಾರಕ್ಕೊಂದರಂತೆ ಒಂದೂವರೆ ತಿಂಗಳು. ಒಪ್ಪಿಸಿಕೊಳ್ಳುವ ಕೆಲಸ ಅಜ್ಜಿಗೆ ಬಿಡಿ. ಇಲ್ಲಿ ರಾತ್ರಿ ಏಳಕ್ಕೆ ಫೋನ್ ಮಾಡಿದರೆ ಕೋಲಾರದಲ್ಲಿ ಚಳಿಗಾಲದಲ್ಲಿ ರಾತ್ರಿ ಹನ್ನೆರಡೂವರೆ, ಬೇಸಿಗೆಯಲ್ಲಿ ಹನ್ನೊಂದೂವರೆ. ಅದಕ್ಕೆ ಶನಿವಾರ ಬೆಳಿಗ್ಗೆ ಒಂಬತ್ತರ ವಿಡಿಯೊ ಕಾಲ್ ಇಟ್ಟುಕೊಳ್ಳಿ. ಅಲ್ಲಿ ಮಧ್ಯಾಹ್ನ ಎರಡೂವರೆ ಅಥವಾ ಒಂದೂವರೆ, ಊಟ ಮುಗಿದಿರುತ್ತದೆ. ಬೈಬಲಿನಲ್ಲೂ ಅಷ್ಟೇ, ಶಿಷ್ಯ ತಿಮೊಥೆಯನ ನಂಬಿಕೆಯ ಮಾತು ಬಂದಾಗ ಅಪೊಸ್ತಲ ಪೌಲನು ಅವನ ಅಜ್ಜಿ ಲೋವಿಯನ್ನೇ ಮೊದಲು ನೆನೆದದ್ದು.

ಶಾಲೆಯಲ್ಲಿ ಧರ್ಮಗಳ ಪಾಠ ಇರುತ್ತದೆ. ಮಗುವನ್ನು ಅದರಿಂದ ಹೊರಗಿಡುವ ಹಕ್ಕು ಪೋಷಕರಿಗೆ ಉಂಟು, ಆದರೆ ಕೋಲಾರದಲ್ಲಿ ಬೆಳೆದ ಮಗುವನ್ನು ಹಾಗೆ ಹೊರಗಿಡುವುದು ಬೇಡ ಎನ್ನುವುದು ನನ್ನ ಅಭಿಪ್ರಾಯ. ಕುಟುಂಬ, ಸ್ನೇಹದಂಥ ಸಂಬಂಧಗಳ ಕುರಿತ ಪಾಠ 2020ರ ಸೆಪ್ಟೆಂಬರಿನಿಂದ ಪ್ರೈಮರಿಯಲ್ಲೂ ಕಡ್ಡಾಯ. ಶಾಲೆಯ ವೆಬ್‌ಸೈಟಿನಲ್ಲಿ ಅದರ ನೀತಿ ಹಾಕಿರುತ್ತಾರೆ. ಓದಿ, ಆ ವಿಷಯ ತರಗತಿಗೆ ಬರುವ ಮುಂಚೆ ಮನೆಯಲ್ಲಿ ನೀವೇ ಮಾತಾಡಿಬಿಡಿ. ಮಕ್ಕಳು ದೆವ್ವ ಭೂತದ ವೇಷ ಹಾಕುವ ಅಕ್ಟೋಬರ್ 31ರ ಹ್ಯಾಲೋವೀನ್‌ಗೆ ಹೋಗುವುದೋ ಬಿಡುವುದೋ ತಿಂಗಳ ಮೊದಲೇ ನಿರ್ಧರಿಸಿ. ಎಷ್ಟೋ ಚರ್ಚುಗಳು ಆ ಸಂಜೆ ಮಕ್ಕಳಿಗೆ ಬೇರೆ ಪಾರ್ಟಿ ಇಡುತ್ತವೆ. ಭಾನುವಾರ ಬೆಳಿಗ್ಗೆಯ ಫುಟ್‌ಬಾಲ್ ಮ್ಯಾಚ್ ಇನ್ನೂ ದೊಡ್ಡ ತಲೆನೋವು. ಕ್ಲಬ್ಬಿಗೆ ಸೇರಿಸುವ ಮುಂಚೆಯೇ ಮ್ಯಾಚ್ ಯಾವ ದಿನ ಎಂದು ಕೇಳಿ. ಸೇರಿಸಿದ ಮೇಲೆ ಬಿಡಿಸಿದರೆ ಮಗನಿಗೆ ದೇವರೇ ಶತ್ರುವಾಗಿ ಕಾಣುತ್ತಾನೆ.

ಒಂದು ಮಾತು ಗಟ್ಟಿಯಾಗಿಯೇ ಹೇಳಬೇಕು. ‘ಬೆತ್ತ ಹಿಡಿಯದವನು ಮಗನಿಗೆ ಶತ್ರು’ ಎಂಬ ಬೈಬಲಿನ ಜ್ಞಾನೋಕ್ತಿ ಹಿಡಿದು ಊರಲ್ಲಿ ಹಿರಿಯರು ಹೊಡೆಯಿರಿ ಅನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ 2020ರ ನವೆಂಬರಿನಿಂದ, ವೇಲ್ಸ್‌ನಲ್ಲಿ 2022ರ ಮಾರ್ಚಿನಿಂದ ಮಕ್ಕಳಿಗೆ ಹೊಡೆಯುವುದೇ ಅಪರಾಧ. ಇಂಗ್ಲೆಂಡಿನ ಕಾನೂನಿನಲ್ಲಿ ತುಸು ವಿನಾಯಿತಿ ಇದೆ, ಆದರೆ ಮೈಮೇಲೆ ಬರೆ ಬಿದ್ದರೆ ಅದೂ ಇಲ್ಲ. ‘ಅಮ್ಮ ಹೊಡೆದಳು’ ಎಂದು ಮಗು ಶಾಲೆಯಲ್ಲಿ ಹೇಳಿದರೆ ಟೀಚರ್ ಅದನ್ನು ಬರೆದು ಶಾಲೆಯ ಜವಾಬ್ದಾರರಿಗೆ ತಿಳಿಸಲೇಬೇಕು. ಕಾನೂನು ಇರಲಿ, ಹೊಡೆತದ ಜೊತೆ ದೇವರ ಹೆಸರು ಸೇರಿದರೆ ಆ ಹೆಸರೇ ಮಗುವಿಗೆ ಬೇಡವಾಗುತ್ತದೆ. ಟ್ಯಾಬ್ ಎತ್ತಿಡಿ, ಪಕ್ಕದಲ್ಲೇ ಸುಮ್ಮನೆ ಕೂರಿಸಿ, ಕೋಪ ಇಳಿದ ಮೇಲೆ ಮಾತಾಡಿ. ನೀವು ಸಿಟ್ಟಲ್ಲಿ ಕೂಗಾಡಿದ ದಿನ ನೀವೇ ಮಗುವಿನ ಹತ್ತಿರ ಕ್ಷಮೆ ಕೇಳಿ.

ಸಭೆ ಆರಿಸುವಾಗ ಹಾಡು, ಪ್ರಸಂಗ ಹೇಗಿದೆ ಅಂತಷ್ಟೇ ನೋಡಬೇಡಿ. ಮಕ್ಕಳ ಗುಂಪಿಗೆ ಎಷ್ಟು ಜನ ಬರುತ್ತಾರೆ, ಕೋಣೆಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಇರುತ್ತಾರಾ, ಅವರ ಡಿಬಿಎಸ್ ತಪಾಸಣೆ (ಹಿಂದೆ ಅಪರಾಧ ಮಾಡಿದ್ದಾರಾ ಎಂದು ಸರ್ಕಾರಿ ದಾಖಲೆಯಲ್ಲಿ ನೋಡುವುದು) ಆಗಿದೆಯಾ ಎಂದು ಕೇಳಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ನೀವು ಮೆಥೊಡಿಸ್ಟ್ ಆದರೆ ಆ ಸಭೆ ಇಲ್ಲೂ ಇದೆ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರಾದರೆ, 1947ರಲ್ಲಿ ಹುಟ್ಟಿದ ಆ ಸಭೆಗೂ ಚರ್ಚ್ ಆಫ್ ಇಂಗ್ಲೆಂಡಿಗೂ ಒಂದೇ ಬಳಗ, ಕರ್ತನ ಭೋಜನಕ್ಕೆ ಸೇರಲು ಅಡ್ಡಿಯಿಲ್ಲ. ಊರಿನ ಸಭಾಪಾಲಕರಿಂದ ಸದಸ್ಯತ್ವದ ಪತ್ರ, ಮಕ್ಕಳ ದೀಕ್ಷಾಸ್ನಾನದ ಸರ್ಟಿಫಿಕೇಟ್ ಈಗಲೇ ತರಿಸಿಕೊಳ್ಳಿ. ಮಗಳಿಗೆ ಚರ್ಚ್ ಶಾಲೆ ಬೇಕಿದ್ದರೆ ಕೆಲವು ಕಡೆ ಆರಾಧನೆಗೆ ಬರುತ್ತಿದ್ದೀರಿ ಎಂದು ಇಲ್ಲಿನ ಪಾದ್ರಿ ಸಹಿ ಹಾಕಿದ ಹೆಚ್ಚುವರಿ ಫಾರಂ ಕೇಳುತ್ತಾರೆ. ಪ್ರೈಮರಿ ಶಾಲೆಯ ಮೊದಲ ವರ್ಷವಾದ ರಿಸೆಪ್ಷನ್ ತರಗತಿಯ ಅರ್ಜಿಗೆ ಜನವರಿ 15 ಕೊನೆ ದಿನ. ಆ ತಾರೀಕು ಈಗಾಗಲೇ ದಾಟಿದ್ದರೆ ಕೌನ್ಸಿಲಿಗೆ (ಸ್ಥಳೀಯ ಆಡಳಿತಕ್ಕೆ) ಫೋನ್ ಮಾಡಿ, ತಡವಾದ ಅರ್ಜಿಯನ್ನೂ ತೆಗೆದುಕೊಳ್ಳುತ್ತಾರೆ.