ಮಡಿಕೇರಿ ಚಳಿಗೆ ಶಾರ್ಕ್ ಮೈಮೇಲೆ ಬಿಳಿ ಚುಕ್ಕೆ

ಮನೆಯ ತೊಟ್ಟಿಯಲ್ಲಿ ಸಾಕಿದ ಶಾರ್ಕ್ ಮೀನಿನ ಮೈಮೇಲೆ ಚುಕ್ಕೆ ಬಂದಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಮಳೆ ಶುರುವಾದ ಮೇಲೆ ರವೆಯಂಥ ಚುಕ್ಕೆ, ಕಲ್ಲಿಗೆ ಮೈ ಉಜ್ಜುವುದು ಅಂದರೆ ಬಹುತೇಕ ಬಿಳಿ ಚುಕ್ಕೆ ರೋಗವೇ. ಫೋಟೋ ನೋಡದೆ ಖಚಿತವಾಗಿ ಹೇಳಲಾರೆ. ಆದರೆ ಮಡಿಕೇರಿಯ ಜುಲೈನಲ್ಲಿ ಹೀಟರ್ ಇಲ್ಲ ಅಂದಿರಿ, ಅದೇ ಕಾರಣ ಇರಬೇಕು. ಅಂಗಡಿಯವರು ಶಾರ್ಕ್ ಅಂದರೂ ಇದು ಮೆಕಾಂಗ್ ನದಿಯ ಕ್ಯಾಟ್‌ಫಿಶ್. ಬೆಚ್ಚನೆ ನೀರಿನ ಮೀನು.

ಮೊದಲು ಹೀಟರ್ ಹಾಕಿ, ದಿನಕ್ಕೆ 2 ಡಿಗ್ರಿಯಂತೆ ಏರಿಸಿ 28ಕ್ಕೆ ನಿಲ್ಲಿಸಿ. ಬೆಚ್ಚನೆ ನೀರಿನಲ್ಲಿ ಆಮ್ಲಜನಕ ಕಡಿಮೆ, ಏರ್ ಪಂಪ್ ಸದಾ ಓಡುತ್ತಿರಲಿ.

ಔಷಧದ ವಿಷಯದಲ್ಲಿ ತುಂಬಾ ಹುಷಾರು. ಈ ಮೀನಿಗೆ ಹುರುಪೆ ಇಲ್ಲ, ಚರ್ಮಕ್ಕೆ ನೇರ ತಾಗುತ್ತದೆ. ತಾಮ್ರ ಇರುವ ಔಷಧ ಬೇಡ. ಮಲಕೈಟ್ ಗ್ರೀನ್ ಎಂಬ ಹಸಿರು ಬಣ್ಣದ ಔಷಧ ಆದರೆ ಬಾಟಲಿಯಲ್ಲಿ ಹೇಳಿದ್ದರ ಅರ್ಧ ಸಾಕು. ಫಿಲ್ಟರ್‌ನಲ್ಲಿ ಕಾರ್ಬನ್ (ಇದ್ದಿಲು) ಇದ್ದರೆ ತೆಗೆಯಿರಿ, ಅದು ಔಷಧ ಹೀರಿಕೊಳ್ಳುತ್ತದೆ. ಪ್ರತಿ ಸಲ ಔಷಧ ಹಾಕುವ ಮುಂಚೆ ತಳದ ಕಸದ ಜೊತೆ ಕಾಲು ಭಾಗ ನೀರು ತೆಗೆದು, ಅಷ್ಟೇ ಬೆಚ್ಚಗಿನ, ಕ್ಲೋರಿನ್ ಇಲ್ಲದ ನೀರು ತುಂಬಿ.

ಚುಕ್ಕೆ ಮಾಯವಾಯಿತು ಅಂತ ನಿಲ್ಲಿಸಬೇಡಿ. ರೋಗಾಣು ತಳಕ್ಕೆ ಬಿದ್ದು ಮತ್ತೆ ಹುಟ್ಟುತ್ತದೆ. ಇನ್ನೊಂದು ವಾರ ಮುಂದುವರಿಸಿ.

ಕರೆಂಟ್ ಹೋದಾಗ ಬಿಸಿ ಉಳಿಯಲು ತೊಟ್ಟಿಗೆ ಕಂಬಳಿ ಸುತ್ತಿ. ಕತ್ತಲಲ್ಲಿ ಮೀನು ಬೆಚ್ಚಿ ಗಾಜಿಗೆ ಗುದ್ದಿಕೊಳ್ಳುವುದೂ ಕಡಿಮೆಯಾಗುತ್ತದೆ.

ನಿಮ್ಮದು 3 ಅಡಿ ತೊಟ್ಟಿ, ಈ ಮೀನೇ 3 ಅಡಿ ಮೀರಿ ಬೆಳೆಯಬಹುದು. ಗುಣವಾದ ಮೇಲೆ ದೊಡ್ಡ ಕೊಳ ಇರುವವರನ್ನು ಹುಡುಕಿ. ಕಾವೇರಿಗೆ ಮಾತ್ರ ಬಿಡಬೇಡಿ.