ರಾಕಿ ಬೆಟ್ಟದ ಬುಡದ ಗಾಳಿ, ನಿದ್ದೆಗೆಟ್ಟ ಮನೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗಬಾರದೆಂದು ಹೆಸರು, ವಯಸ್ಸು, ಕುಟುಂಬದ ವಿವರ ಬದಲಿಸಿದೆ. ಊರಿನ ಮತ್ತು ಗಾಳಿಯ ವಿವರಗಳು ಇದ್ದಂತೆಯೇ ಇವೆ.)

ಸವಿತಾ, 33 ವರ್ಷ, ಗದಗ ಜಿಲ್ಲೆಯವರು. ಗಂಡನ ಕೆಲಸದ ನಿಮಿತ್ತ ಸೆಪ್ಟೆಂಬರಿನಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಬೋಲ್ಡರ್ ಕೌಂಟಿಗೆ (ನಮ್ಮ ಜಿಲ್ಲೆಯಂಥದ್ದು) ಬಂದರು. ಐದು ವರ್ಷದ ಮಗನಿದ್ದಾನೆ. ಎರಡು ಅಂತಸ್ತಿನ ಬಾಡಿಗೆ ಮನೆ. ಪಶ್ಚಿಮಕ್ಕೆ ಹುಲ್ಲು ಬಯಲು, ಅದರಾಚೆ ರಾಕಿ ಪರ್ವತ. ಜನವರಿಯ ಹೊತ್ತಿಗೆ ಅವರ ಸ್ಥಿತಿ ಹೀಗಿತ್ತು: ಗಾಳಿ ಬೀಸುವ ರಾತ್ರಿ ನಿದ್ದೆಯಿಲ್ಲ, ಎದೆ ಡವಗುಟ್ಟುತ್ತದೆ, ನಡುರಾತ್ರಿ ಮಗನನ್ನೆತ್ತಿಕೊಂಡು ಕೆಳಗಿನ ಬಚ್ಚಲುಮನೆ ಸೇರುತ್ತಾರೆ. ಗಾಳಿಯಿಲ್ಲದ ದಿನವೂ ಫೋನಿನಲ್ಲಿ ಹವಾಮಾನ ನೋಡುವುದು ನಿಲ್ಲುವುದಿಲ್ಲ. ಇದರ ಮೇಲೆ ಗಂಡನ ಮಾತು: “ಮುಂಡರಗಿ ಕಡೆಯಾಕಿ ನೀ, ಆಷಾಢದ ಗಾಳ್ಯಾಗ ಬೆಳದಾಕಿ. ಇದಕ್ಕ ಅಂಜ್ತಿ ಏನು?”

ಆ ಮಾತು ತಮಾಷೆಗೆ ಆಡಿದ್ದೇ ಇರಬಹುದು. ಆದರೆ ಹೋಲಿಕೆಯೇ ತಪ್ಪು. ಕಪ್ಪತಗುಡ್ಡದ ಸುತ್ತಿನ ಆಷಾಢದ ಗಾಳಿ ನೈಋತ್ಯ ಮುಂಗಾರಿನದು. ಹಗಲಿಡೀ ಒಂದೇ ಸಮ ಬೀಸುತ್ತದೆ, ತಂಪು ತರುತ್ತದೆ, ಬರುವ ತಿಂಗಳು ಎಲ್ಲರಿಗೂ ಗೊತ್ತು. ರಾಕಿ ಬೆಟ್ಟದ ಪೂರ್ವದ ಬುಡದಲ್ಲಿ ಬೀಸುವುದು ಇಳಿಗಾಳಿ. ಪಶ್ಚಿಮದಿಂದ ಬಂದ ಗಾಳಿ ಪರ್ವತಶ್ರೇಣಿ ದಾಟುವಾಗ, ನೆತ್ತಿಯ ಮೇಲೆ ಸ್ಥಿರವಾದ ಪದರವೊಂದು ಮುಚ್ಚಳದಂತೆ ಕೂತಿದ್ದರೆ, ಗಾಳಿ ಮೇಲಕ್ಕೆ ಹೋಗಲಾಗದೆ ಅಲೆಯಾಗಿ ಇಳಿಜಾರಿನಲ್ಲಿ ಧುಮುಕುತ್ತದೆ. ಇಳಿಯುವ ಪ್ರತಿ 100 ಮೀಟರಿಗೆ ಹತ್ತಿರ ಹತ್ತಿರ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುತ್ತದೆ, ಒಣಗುತ್ತದೆ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಇದರ ಕಾಲ. ಡಿಸೆಂಬರ್, ಜನವರಿಯಲ್ಲಿ ಜೋರು. 1982ರ ಜನವರಿ 17ರಂದು ಬೋಲ್ಡರಿನಲ್ಲಿ ಗಂಟೆಗೆ 137 ಮೈಲಿಯ, ಅಂದರೆ ಸುಮಾರು 220 ಕಿಲೋಮೀಟರಿನ ಹೊಡೆತ ದಾಖಲಾಗಿತ್ತು. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಗೋಡೆಯ ಮೇಲಿನ ತಳ್ಳು ನಾಲ್ಕು ಪಟ್ಟು.

ಇದರ ಇನ್ನೊಂದು ಗುಣವೇ ನಿದ್ದೆಗೆಡಿಸುವುದು. ಕೆಲವು ನಿಮಿಷ ಪೂರ್ತಿ ಮೌನ, ಆಮೇಲೆ ಒಮ್ಮೆಲೇ ಧಡಾರನೆ ಹೊಡೆತ. ಒಂದೇ ಸಮ ಬರುವ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ; ಬಿಟ್ಟು ಬಿಟ್ಟು ಬರುವುದಕ್ಕೆ ಮನಸ್ಸು ಕಾಯುತ್ತ ಕೂರುತ್ತದೆ. ಇಬ್ಬರನ್ನೂ ಕೂರಿಸಿ ಇದನ್ನು ವಿವರಿಸಿದ ಮೇಲೆ ಗಂಡನ ಹಾಸ್ಯ ನಿಂತಿತು. ಸಲಹೆಯ ಅರ್ಧ ಕೆಲಸ ಅಲ್ಲೇ ಆಯಿತು ಎಂದರೂ ಸರಿ.

ಮನಸ್ಸಿನ ಕೆಲಸಕ್ಕೆ ಕೈಹಾಕುವ ಮುಂಚೆ ವೈದ್ಯರ ಬಳಿ ಕಳಿಸಲಾಯಿತು. ಬೋಲ್ಡರ್ ಇರುವುದು ಸುಮಾರು 5,400 ಅಡಿ ಎತ್ತರದಲ್ಲಿ. ಹೊಸಬರಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುವುದುಂಟು. ರಕ್ತಹೀನತೆಯೋ ಥೈರಾಯ್ಡ್ ಏರುಪೇರೋ ಇದ್ದರೆ ಎದೆಬಡಿತ ಇನ್ನೂ ಹೆಚ್ಚು, ಅದನ್ನು ಭಯವೆಂದು ತಪ್ಪು ತಿಳಿಯಬಹುದು. ಸವಿತಾ ಅವರ ಹಿಮೋಗ್ಲೋಬಿನ್ ತುಸು ಕಡಿಮೆಯಿತ್ತು, ಮಾತ್ರೆ ಶುರುವಾಯಿತು. ಗಾಳಿಯ ಹಿಂದಿನ ದಿನವೇ ತಲೆನೋವು ಬರುತ್ತದೆ ಎಂದದ್ದನ್ನೂ ಕಲ್ಪನೆ ಎಂದು ತಳ್ಳಿಹಾಕಲಿಲ್ಲ. ಇಂಥದೇ ಗಾಳಿ ಬೀಸುವ ಕೆನಡಾದ ಕ್ಯಾಲ್ಗರಿಯಲ್ಲಿ ನಡೆದ, 2000ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೈಗ್ರೇನ್ ಇರುವ ಕೆಲವರಿಗೆ ಗಾಳಿಯ ಮುನ್ನಾದಿನ ನೋವು ಹೆಚ್ಚುವುದು ಕಂಡಿದೆ. ಮೂಗು ಒಣಗಿ ರಕ್ತ ಬರುವುದಕ್ಕೆ ಸಲೈನ್ (ಉಪ್ಪುನೀರಿನ) ಜೆಲ್ ಸಾಕು; ಕೋಣೆಯ ತೇವಾಂಶ ಹ್ಯುಮಿಡಿಫೈಯರ್ ಇಟ್ಟು ಶೇಕಡ 30ರಿಂದ 40ರಲ್ಲಿರಲಿ. ಅದಕ್ಕಿಂತ ಹೆಚ್ಚಾದರೆ ಚಳಿಗೆ ಕಿಟಕಿಯ ಗಾಜಿನ ಮೇಲೆ ನೀರು ಕೂತು ಬೂಸ್ಟು ಹಿಡಿಯುತ್ತದೆ.

ಭಯದ ಮೂಲ ಎಲ್ಲಿದೆ ಎಂದು ಕೆದಕುತ್ತ ಹೋದಾಗ ಎರಡನೇ ಭೇಟಿಯಲ್ಲಿ ಹೊರಬಂದದ್ದು ಇದು: “ಕಮೋಡಿನ್ಯಾಗಿನ ನೀರು ತಾನ ಅಲಗಾಡಾಕತ್ತಿತ್ರಿ ಮೇಡಂ. ಮನೀನ ಬುಡಸಮೇತ ಕೀಳತೈತಿ ಅನಿಸ್ತು.” ನೋಡಿದ್ದು ನಿಜವೇ. ಒಳಚರಂಡಿ ಕೊಳವೆಗೆ ಗಾಳಿಯಾಡಲು ಚಾವಣಿಯ ಮೇಲೆ ತೆರೆದ ಬಾಯೊಂದಿರುತ್ತದೆ. ಅದರ ಮೇಲೆ ಗಾಳಿ ರಭಸದಿಂದ ಹಾಯುವಾಗ ಕೊಳವೆಯೊಳಗಿನ ಒತ್ತಡ ಏರಿಳಿಯುತ್ತದೆ, ಕಮೋಡಿನ ನೀರು ಅದಕ್ಕೆ ತಕ್ಕಂತೆ ತುಯ್ದಾಡುತ್ತದೆ. ಮನೆ ಅಲುಗಬೇಕಾಗಿಯೇ ಇಲ್ಲ. ಇಟ್ಟಿಗೆ, ಆರ್‌ಸಿಸಿ ಮನೆಯಲ್ಲಿ ಬೆಳೆದವರಿಗೆ ಮರದ ಚೌಕಟ್ಟಿನ ಮನೆಯ ಕಿರ್ ಎನ್ನುವ ಸದ್ದೂ ಹೊಸದು. ಮರ ತುಸು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಆ ಸದ್ದು ಬಿರುಕಿನದಲ್ಲ.

ಹಾಗಾಗಿ ಮೊದಲ ಮನೆಕೆಲಸ: ಹಗಲಿನಲ್ಲಿ, ಸಾಧಾರಣ ಗಾಳಿಯಿರುವಾಗ, ಗಂಡಹೆಂಡತಿ ಇಬ್ಬರೂ ಮನೆ ಸುತ್ತಿ ಪ್ರತಿ ಸದ್ದಿಗೂ ಒಂದು ಹೆಸರು ಹಚ್ಚಬೇಕು. ಪಟಪಟ ಎನ್ನುವುದು ಬಟ್ಟೆ ಒಣಗಿಸುವ ಯಂತ್ರದ ಹೊರಬಾಯಿಯ ಮುಚ್ಚಳ, ಇಲ್ಲವೇ ಬಚ್ಚಲಿನ ಎಕ್ಸಾಸ್ಟ್ ಫ್ಯಾನಿನ ತಗಡು. ಶಿಳ್ಳೆ ಕಿಟಕಿಯ ಚೌಕಟ್ಟಿನ ರಬ್ಬರ್ ಪಟ್ಟಿ ಸವೆದ ಕಡೆಯಿಂದ. ಅಲ್ಲಿ ಅಂಟುವ ಫೋಮ್ ಪಟ್ಟಿ ಹಚ್ಚಿದರೆ ನಿಲ್ಲುತ್ತದೆ. ಗುಡುಗಿನಂಥದ್ದು ಗ್ಯಾರೇಜಿನ ಅಗಲ ಬಾಗಿಲು. ಇವಕ್ಕೆಲ್ಲ ಬಾಡಿಗೆದಾರರೇ ಏನಾದರೂ ಮಾಡಬಹುದು. ಆದರೆ ಚಾವಣಿಯಿಂದ ತಟತಟ ಎಂದು ಬಂದರೆ ಅದು ಅಂಟು ಬಿಟ್ಟ ಶಿಂಗಲ್, ಅಂದರೆ ಚಾವಣಿಗೆ ಹೆಂಚಿನಂತೆ ಹೊದಿಸುವ ತೆಳು ಹಾಳೆ. ಕೂಡಲೇ ಮನೆ ಮಾಲೀಕರಿಗೆ ಬರೆದು ತಿಳಿಸಬೇಕು. ಒಂದು ಎದ್ದರೆ ಅದರಡಿಗೆ ಗಾಳಿ ಹೊಕ್ಕು ಪಕ್ಕದ್ದನ್ನೂ ಎಬ್ಬಿಸುತ್ತದೆ. ಈ ಮನೆಯಲ್ಲಿ ಹನ್ನೊಂದು ಸದ್ದು ಸಿಕ್ಕವು. ಮಾಲೀಕರ ತನಕ ಹೋಗಬೇಕಾದದ್ದು ಒಂದೇ.

ಭಯವೆಲ್ಲ ಸುಳ್ಳೆಂದು ಹೇಳುವುದು ಮಾತ್ರ ಸಲಹೆಗಾರರು ಮಾಡಬಾರದ ಕೆಲಸ. 2021ರ ಡಿಸೆಂಬರ್ 30ರಂದು ಇದೇ ಕೌಂಟಿಯಲ್ಲಿ, ಗಂಟೆಗೆ 100 ಮೈಲಿ ದಾಟಿದ ಗಾಳಿಯಲ್ಲಿ ‘ಮಾರ್ಷಲ್ ಫೈರ್’ ಎಂದು ಹೆಸರಾದ ಬೆಂಕಿ ಹಬ್ಬಿ ಸುಪೀರಿಯರ್, ಲೂಯಿಸ್‌ವಿಲ್ ಊರುಗಳಲ್ಲಿ ಕೆಲವೇ ಗಂಟೆಗಳಲ್ಲಿ ಸಾವಿರಕ್ಕೂ ಹೆಚ್ಚು ಮನೆ ಸುಟ್ಟವು, ಇಬ್ಬರು ಸತ್ತರು. ನೆರೆಯವರು ಇದನ್ನು ಸವಿತಾ ಅವರಿಗೆ ಬಣ್ಣಿಸಿ ಹೇಳಿದ್ದರು. ಇದಕ್ಕೆ ಬೇಕಾದದ್ದು ಧೈರ್ಯದ ಮಾತಲ್ಲ, ಸಿದ್ಧತೆ. ಹೀಗಾಗಿ ಮುನ್ಸೂಚನೆಯ ಹೊಡೆತದ ವೇಗಕ್ಕೆ ತಕ್ಕಂತೆ ಮಾಡಬೇಕಾದದ್ದನ್ನು ಬರೆದು ಫ್ರಿಜ್ಜಿಗೆ ಅಂಟಿಸಲಾಯಿತು.

ಗಂಟೆಗೆ 45 ಮೈಲಿಯೊಳಗೆ: ಏನೂ ಮಾಡಬೇಡಿ. ಇದೇ ಅವರಿಗೆ ಎಲ್ಲಕ್ಕಿಂತ ಕಷ್ಟವಾದ ಸಾಲು.

45ರಿಂದ 60: ಹಿತ್ತಿಲ ಕುರ್ಚಿ, ಕೊಡೆ, ಕುಂಡ, ಆಟಿಕೆ ಗ್ಯಾರೇಜಿಗೆ. ಕಸದ ಡಬ್ಬಿ ಹಿಂದಿನ ರಾತ್ರಿ ಬೀದಿಗಿಡದೆ ಬೆಳಿಗ್ಗೆ ಇಡಿ. ಟ್ರ್ಯಾಂಪೊಲಿನ್ (ಮಕ್ಕಳು ಜಿಗಿದಾಡುವ ಬಲೆ) ಇದ್ದರೆ ನೆಲಕ್ಕೆ ತಿರುಪುವ ಆಂಕರ್ ಹಾಕಿ ಕಟ್ಟಬೇಕು. ಮರಳಿನ ಚೀಲ ಸಾಲದು, ಬಲೆಯಡಿಯ ಗಾಳಿ ಚೀಲದ ಸಮೇತ ಎತ್ತುತ್ತದೆ. ಕಾರಿನ ಮೂತಿ ಗಾಳಿ ಬರುವ ಪಶ್ಚಿಮಕ್ಕಿರಲಿ. ಹಿಂದಿನಿಂದ ಗಾಳಿ ಹೊಡೆದರೆ ತೆರೆದ ಬಾಗಿಲು ಕೈಯಿಂದ ಕಿತ್ತುಕೊಂಡು ಕೀಲು ಮುರಿಯುತ್ತದೆ. ಎದುರಿನಿಂದಾದರೆ ಬಾಗಿಲು ರಪ್ಪೆಂದು ಮುಚ್ಚಿಕೊಳ್ಳುತ್ತದೆ, ಆಗ ಮಗುವಿನ ಬೆರಳು ಜೋಪಾನ. ಮನೆಯ ಪೂರ್ವದ, ಪಶ್ಚಿಮದ ಬಾಗಿಲುಗಳನ್ನು ಒಟ್ಟಿಗೆ ತೆರೆಯಬೇಡಿ.

60 ಮೀರಿದರೆ, ಅಥವಾ ಬೆಂಕಿಯ ಅಪಾಯ ಸೂಚಿಸುವ ರೆಡ್ ಫ್ಲ್ಯಾಗ್ ವಾರ್ನಿಂಗ್ ಬಂದರೆ: ಪಾಸ್‌ಪೋರ್ಟ್, ವೀಸಾ ಕಾಗದ, ಔಷಧಿ, ಒಡವೆ, ಮಗುವಿನ ಎರಡು ಜೊತೆ ಬಟ್ಟೆ ಇರುವ ಚೀಲ ಕಾರಿನಲ್ಲಿ. ಕಾರು ಗ್ಯಾರೇಜಿನ ಹೊರಗೆ, ಮರದಿಂದ ದೂರ, ಪೆಟ್ರೋಲು ಅರ್ಧಕ್ಕಿಂತ ಮೇಲೆ. ಕಾರು ಒಳಗೇ ಉಳಿದು ವಿದ್ಯುತ್ ಹೋದರೆ ಗ್ಯಾರೇಜಿನ ಬಾಗಿಲು ಗುಂಡಿ ಒತ್ತಿದರೆ ಏಳುವುದಿಲ್ಲ. ಮೇಲೆ ತೂಗುವ ಕೆಂಪು ಹಗ್ಗ ಎಳೆದು ಕೈಯಿಂದ ಎತ್ತಬೇಕು. ಸವಿತಾ ಇದನ್ನು ಮೂರು ಸಲ ಎಳೆದು ಕಲಿತರು. 2024ರ ಏಪ್ರಿಲಿನಲ್ಲಿ ತಂತಿ ಹರಿದು ಬೆಂಕಿ ಹತ್ತೀತೆಂದು ಈ ಭಾಗದ ಸಾವಿರಾರು ಮನೆಗಳ ವಿದ್ಯುತ್ತನ್ನು ಕಂಪನಿ ತಾನೇ ಮೊದಲೇ ಕಡಿದಿತ್ತು, ಆದ್ದರಿಂದ ಇದು ಅಪರೂಪದ ಮಾತಲ್ಲ. ಗ್ಯಾಸಿನದಾದರೂ ಹೀಟರಿನ ಫ್ಯಾನ್ ವಿದ್ಯುತ್ತಿನದು. ಮನೆ ತಣ್ಣಗಾಯಿತೆಂದು ಗ್ಯಾಸ್ ಒಲೆ ಹಚ್ಚಿ ಕಾಯಿಸಿಕೊಳ್ಳಬೇಡಿ, ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ.

ಇವಲ್ಲದೆ ಒಮ್ಮೆ ಮಾಡಿ ಮುಗಿಸುವ ಕೆಲಸಗಳಿವೆ. ಗೋಡೆಯಿಂದ 5 ಅಡಿಯೊಳಗೆ ಒಣ ಎಲೆ, ಮರದ ಚೂರು, ಸೌದೆ ಇರಬಾರದು, ಏಕೆಂದರೆ ಗಾಳಿ ಹೊತ್ತು ತರುವ ಕಿಡಿ ಮೊದಲು ಹಿಡಿಯುವುದು ಅಲ್ಲಿ. ಕೌಂಟಿಯ ತುರ್ತು ಸಂದೇಶಕ್ಕೆ ಇಬ್ಬರ ಫೋನೂ ನೋಂದಾಯಿಸಬೇಕು. ಮನೆ ಮಾಲೀಕರ ವಿಮೆ ಬಾಡಿಗೆದಾರರ ಸಾಮಾನಿಗೆ ಅನ್ವಯಿಸುವುದಿಲ್ಲ. ಬಾಡಿಗೆದಾರರ ವಿಮೆ ಬೇರೆ ಕೊಳ್ಳಬೇಕು, ಹಳೆಯ ಸಾಮಾನಿಗೆ ಹೊಸದರ ಬೆಲೆ ಕೊಡುವಂಥದ್ದು. ಒಂದೊಂದು ಕೋಣೆಯ ಕಪಾಟು ತೆರೆದು ವಿಡಿಯೊ ಮಾಡಿ ಕ್ಲೌಡಿನಲ್ಲಿಡಲು ಅರ್ಧ ಗಂಟೆ ಸಾಕು.

ಇಷ್ಟಾದ ಮೇಲೆ ಉಳಿದ ಭಯಕ್ಕೆ ಅಭ್ಯಾಸ. ಹವಾಮಾನ ನೋಡುವುದು ದಿನಕ್ಕೆ ಎರಡೇ ಸಲ, ಬೆಳಿಗ್ಗೆ 8ಕ್ಕೆ ಮತ್ತು ಸಂಜೆ 7ಕ್ಕೆ, ಅದೂ ಅಮೆರಿಕ ಸರ್ಕಾರದ ಹವಾಮಾನ ಇಲಾಖೆಯಾದ ನ್ಯಾಷನಲ್ ವೆದರ್ ಸರ್ವಿಸ್‌ನ ಪುಟ ಮಾತ್ರ. ಪದೇಪದೇ ನೋಡಿದರೆ ಆ ಕ್ಷಣಕ್ಕೆ ಸಮಾಧಾನ ಸಿಗುತ್ತದೆ, ಮರುಕ್ಷಣ ಇನ್ನೊಮ್ಮೆ ನೋಡುವ ತುಡಿತ ಬಲಿಯುತ್ತದೆ. ಮನೆಯಲ್ಲೇ ರೆಕಾರ್ಡ್ ಮಾಡಿದ ಗಾಳಿಯ ಸದ್ದನ್ನು ವಾರಕ್ಕೆ ಐದು ದಿನ ಹಗಲು ಹೊತ್ತು ಕೇಳುವುದು: ಭಯ 10ಕ್ಕೆ 4 ಎನಿಸುವಷ್ಟು ಸಣ್ಣ ದನಿಯಲ್ಲಿ ಆರಂಭಿಸಿ, ಅದು 2ಕ್ಕೆ ಇಳಿಯುವ ತನಕ ಕೂತಿರುವುದು. ಎರಡು ದಿನ ಸಲೀಸಾದರೆ ದನಿ ಒಂದು ಮೆಟ್ಟಿಲು ಮೇಲಕ್ಕೆ. ಭಯ ಏರಿದ ಹೊತ್ತಿಗೇ ಎದ್ದು ನಿಲ್ಲಿಸಿಬಿಟ್ಟರೆ ಅಭ್ಯಾಸ ಉಲ್ಟಾ ಹೊಡೆಯುತ್ತದೆ, ತಪ್ಪಿಸಿಕೊಂಡದ್ದರಿಂದಲೇ ಬದುಕಿದೆ ಎಂದು ಮನಸ್ಸು ಕಲಿಯುತ್ತದೆ.

ಬಚ್ಚಲುಮನೆಗೆ ಓಡುವುದನ್ನೂ ಹೀಗೆಯೇ ತಿದ್ದಲಾಯಿತು. ಈ ಗಾಳಿಯಲ್ಲಿ ಮನೆಯೊಳಗಿದ್ದವರಿಗೆ ಅಪಾಯ ಬರುವುದು ಹೆಚ್ಚಾಗಿ ಪಶ್ಚಿಮದ ಗಾಜು ಮತ್ತು ಬೀಳುವ ಮರದಿಂದ. ಜೋರು ಗಾಳಿಯ ಸೂಚನೆಯಿದ್ದರೆ ರಾತ್ರಿ 9ಕ್ಕೇ ಪೂರ್ವದ ಕೋಣೆಯಲ್ಲಿ ಹಾಸಿಗೆ ಹಾಸಿಕೊಳ್ಳಬಹುದು. 2 ಗಂಟೆಗೆ ಮಗುವನ್ನೆತ್ತಿ ಓಡುವುದಕ್ಕೂ ಇದಕ್ಕೂ ಅಜಗಜಾಂತರ. ಟೇಬಲ್ ಫ್ಯಾನನ್ನು ಗೋಡೆಗೆ ತಿರುಗಿಸಿ ರಾತ್ರಿಯಿಡೀ ಓಡಿಸಿದರೆ ಮೌನಕ್ಕೂ ಹೊಡೆತಕ್ಕೂ ನಡುವಿನ ಅಂತರ ತಗ್ಗುತ್ತದೆ. ಕಿವಿಗೆ ಪ್ಲಗ್ ಹಾಕುವುದಾದರೆ ಒಬ್ಬರು ಮಾತ್ರ, ಸರದಿಯಲ್ಲಿ. ತುರ್ತು ಸಂದೇಶ ಕೇಳುವ ಕಿವಿ ಒಂದಾದರೂ ಮನೆಯಲ್ಲಿರಬೇಕು. ಎಚ್ಚರವಾದರೆ ನಾಲ್ಕು ಎಣಿಸುತ್ತ ಉಸಿರೆಳೆದು ಆರು ಎಣಿಸುತ್ತ ಬಿಡುವುದು, ಐದು ನಿಮಿಷ. ಇಪ್ಪತ್ತು ನಿಮಿಷದಲ್ಲೂ ನಿದ್ದೆ ಹತ್ತದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಏನಾದರೂ ಓದುವುದು.

ಗಂಡನಿಗೆ ಕೊಟ್ಟ ಕೆಲಸ ಚಿಕ್ಕದು. “ಏನೂ ಆಗಂಗಿಲ್ಲ ಬಿಡು” ಎಂಬ ಮಾತು ಬಂದ್. ಅದರ ಬದಲು “ಇದು ಯಾವ ಸದ್ದು?” ಎಂದು ಕೇಳಬೇಕು, ಹೆಂಡತಿ ಹೇಳುವ ತನಕ ಕಾಯಬೇಕು.

ಆರನೇ ಭೇಟಿಯ ಹೊತ್ತಿಗೆ ಬಚ್ಚಲುಮನೆಯ ಓಟ ನಿಂತಿತ್ತು, 60 ಮೈಲಿಯೊಳಗಿನ ರಾತ್ರಿಗಳಲ್ಲಿ ಐದಾರು ಗಂಟೆ ನಿದ್ದೆ ಬರುತ್ತಿತ್ತು. ಅದಕ್ಕೂ ಜೋರಾದ ರಾತ್ರಿಗಳಲ್ಲಿ ಈಗಲೂ ನಿದ್ದೆ ಬರುವುದಿಲ್ಲ. ಅಂಥ ರಾತ್ರಿ ಅಲ್ಲಿ ಹುಟ್ಟಿ ಬೆಳೆದವರೂ ಮಲಗುವುದು ಅಷ್ಟಕ್ಕಷ್ಟೇ, ಹಾಗಾಗಿ ಅದನ್ನು ಚಿಕಿತ್ಸೆಯ ಗುರಿ ಮಾಡಲಿಲ್ಲ. ಎರಡು ವಾರ ಮೀರಿ ಮಂಕು, ಊಟ ಸೇರದಿರುವುದು, ಗಾಳಿಯಿಲ್ಲದ ದಿನವೂ ಹೊರಗೆ ಕಾಲಿಡದಿರುವುದು ಕಂಡರೆ ಮನೋವೈದ್ಯರನ್ನು ಕಾಣಬೇಕೆಂದೂ, ಬದುಕೇ ಬೇಡವೆನಿಸಿದರೆ ಅಮೆರಿಕದಲ್ಲಿ ಯಾವ ಹೊತ್ತಿನಲ್ಲೂ 988 ಸಹಾಯವಾಣಿಗೆ ಕರೆ ಮಾಡಬಹುದೆಂದೂ ಬರೆದುಕೊಡಲಾಗಿದೆ. ಬೇಸಿಗೆಯಲ್ಲಿ ಬಾಡಿಗೆ ಕರಾರು ಮುಗಿಯುತ್ತದೆ. ಹೊಸ ಮನೆ ನೋಡುವಾಗ ಮಲಗುವ ಕೋಣೆ ಪೂರ್ವಕ್ಕಿದೆಯೇ, ಪಶ್ಚಿಮಕ್ಕೆ ಬಯಲಿದೆಯೋ ಬೇರೆ ಮನೆಗಳ ಸಾಲಿದೆಯೋ, ಮರದ ಬೇಲಿ ಗೋಡೆಗೆ ತಾಗಿದೆಯೇ, ಶಿಂಗಲ್ ಯಾವ ವರ್ಷ ಹಾಕಿದ್ದು, ಊರಿನಿಂದ ಹೊರಹೋಗಲು ಎರಡು ದಾರಿ ಇವೆಯೇ ಎಂದು ಕೇಳಿಕೊಳ್ಳಲು ಹೇಳಿದೆ. ಮನೆ ತೋರಿಸಲು ಕರೆದಾಗ ಗಾಳಿಯಿರುವ ದಿನವನ್ನೇ ಆರಿಸಿಕೊಳ್ಳುವುದಾಗಿ ಸವಿತಾ ತಾವೇ ಹೇಳಿದರು.