ಶೇಕಡಾ ನಾಲ್ಕು ಅಂದ್ರ ಯಾವುದರಾಗ ನಾಲ್ಕು?

ಪ್ರಶ್ನೆ: ಡೆಸ್ಕ್‌ಟಾಪ್ ಕಂಪ್ಯೂಟರಿನೊಳಗ ಲಿನಕ್ಸ್ (ವಿಂಡೋಸ್‌ನಂಥಾ ಇನ್ನೊಂದು ಕಾರ್ಯಾಚರಣೆ ವ್ಯವಸ್ಥೆ) ಪಾಲು 2024ರ ಫೆಬ್ರುವರಿಯಾಗ ಶೇ 4 ದಾಟೇತಿ ಅಂತ ನಮ್ಮ ಕಾಲೇಜಿನ ಸರ್ ಒಬ್ಬರು ಸ್ಟ್ಯಾಟ್‌ಕೌಂಟರ್ ಅಂಕಿ ತೋರಿಸ್ತಾರ. ಅಂಗಡ್ಯಾಗ ಲಿನಕ್ಸ್ ಲ್ಯಾಪ್‌ಟಾಪ್ ನೂರಕ್ಕ ಒಂದೂ ಹೋಗಂಗಿಲ್ಲ, ಅದೆಲ್ಲಾ ಸುಳ್ಳು ಅಂತ ಇನ್ನೊಬ್ಬರ ವಾದ. ಯಾರ ಮಾತು ಖರೆ?
– ಲ್ಯಾಬ್ ಸಹಾಯಕರು, ಬೆಳಗಾವಿ

ಉತ್ತರ: ಇಬ್ಬರೂ ಖರೆ ಹೇಳುತ್ತಿದ್ದಾರೆ, ಆದರೆ ಎಣಿಸುತ್ತಿರುವ ವಸ್ತು ಬೇರೆ. ಅಂಗಡಿಯವರದು ಮಾರಾಟದ ಲೆಕ್ಕ. ಐಡಿಸಿ, ಗಾರ್ಟ್ನರ್ ಎಂಬ ಮಾರುಕಟ್ಟೆ ಸಮೀಕ್ಷಾ ಸಂಸ್ಥೆಗಳು ಕೊಡುವ ಅಂಕಿಗಳೂ ಕಂಪನಿಗಳಿಂದ ಹೊರಬಿದ್ದ ಪೆಟ್ಟಿಗೆಗಳದ್ದೇ. ಪೆಟ್ಟಿಗೆಯಲ್ಲಿ ಬಂದ ವಿಂಡೋಸ್ ತೆಗೆದು ಉಬುಂಟು (ಲಿನಕ್ಸ್‌ನ ಒಂದು ಬಗೆ) ಹಾಕಿದ್ದಾಗಲಿ, ಡಾಸ್ ಲ್ಯಾಪ್‌ಟಾಪ್ (ವಿಂಡೋಸ್ ಇಲ್ಲದೆ ಮಾರುವುದು) ತಂದು ಅದಕ್ಕೆ ವಿಂಡೋಸ್ ಹಾಕಿದ್ದಾಗಲಿ ಆ ಲೆಕ್ಕಕ್ಕೆ ಬರುವುದಿಲ್ಲ. ಏಳೆಂಟು ವರ್ಷದಿಂದ ಓಡುತ್ತಿರುವ ಹಳೆಯ ಯಂತ್ರವೂ ಅದರಲ್ಲಿಲ್ಲ.

ಸ್ಟ್ಯಾಟ್‌ಕೌಂಟರ್ ಯಂತ್ರವನ್ನೂ ಎಣಿಸುವುದಿಲ್ಲ, ಮನುಷ್ಯರನ್ನೂ ಎಣಿಸುವುದಿಲ್ಲ. ಹತ್ತಾರು ಲಕ್ಷ ಜಾಲತಾಣಗಳಲ್ಲಿ ಅದರ ಪುಟ್ಟ ಕೋಡ್ ಕೂತಿದೆ. ಪುಟ ತೆರೆದಾಗಲೆಲ್ಲ ಒಂದು ಎಣಿಕೆ. ನಿಮ್ಮ ಲ್ಯಾಬಿನಲ್ಲೇ ಲೆಕ್ಕ ಹಾಕಿ ನೋಡಿ. ಹತ್ತು ಯಂತ್ರಗಳಿವೆ ಎನ್ನೋಣ. ಎಂಟರಲ್ಲಿ ವಿಂಡೋಸ್, ಎರಡರಲ್ಲಿ ಲಿನಕ್ಸ್. ವಿಂಡೋಸ್ ಯಂತ್ರಗಳಲ್ಲಿ ಆಫೀಸ್ ಕೆಲಸ, ದಿನಕ್ಕೆ ತಲಾ 5 ಪುಟ, ಒಟ್ಟು 40. ಲಿನಕ್ಸ್‌ನಲ್ಲಿ ಪ್ರೋಗ್ರಾಮಿಂಗ್ ಕಲಿಯುವವರು ತಲಾ 60 ಪುಟ ತಿರುವಿದರೆ 120. ಯಂತ್ರದ ಲೆಕ್ಕದಲ್ಲಿ ಲಿನಕ್ಸ್ ಶೇ 20, ಪುಟದ ಲೆಕ್ಕದಲ್ಲಿ ಶೇ 75! ಎರಡೂ ಸರಿಯಾದ ಗುಣಾಕಾರವೇ. ಇಂಟರ್‌ನೆಟ್ಟೇ ಇಲ್ಲದೆ ಬರೀ ಟ್ಯಾಲಿ ಓಡಿಸುವ ಅಡತಿ ಅಂಗಡಿಯ ಯಂತ್ರ ಈ ಲೆಕ್ಕದಲ್ಲಿ ಸೊನ್ನೆ. ಆ್ಯಡ್ ಬ್ಲಾಕರ್ ಹಾಕಿಕೊಂಡವರೂ ಸಾಮಾನ್ಯವಾಗಿ ತಪ್ಪಿಹೋಗುತ್ತಾರೆ, ಮತ್ತು ಅಂಥವರು ಲಿನಕ್ಸ್ ಬಳಗದಲ್ಲಿ ಹೆಚ್ಚು ಎಂಬುದು ನನ್ನ ಅನಿಸಿಕೆ.

2020ರವರೆಗೆ ಅಂಕಿ ಕೊಡುತ್ತಿದ್ದ ನೆಟ್‌ಮಾರ್ಕೆಟ್‌ಶೇರ್ ಎಂಬ ಸಂಸ್ಥೆ, ಪುಟದ ಬದಲು ದಿನಕ್ಕೆ ಬಂದ ಬೇರೆ ಬೇರೆ ಸಂದರ್ಶಕರನ್ನು ಎಣಿಸಿ, ದೇಶದ ಇಂಟರ್‌ನೆಟ್ ಬಳಕೆದಾರರ ಸಂಖ್ಯೆಗೆ ತಕ್ಕಂತೆ ತೂಕ ಕೊಡುತ್ತಿತ್ತು. ಸ್ಟ್ಯಾಟ್‌ಕೌಂಟರ್ ಆ ತೂಕ ಹಾಕುವುದಿಲ್ಲ. ಸಂದರ್ಶಕರ ಎಣಿಕೆಗೂ ತನ್ನದೇ ತೊಡಕಿದೆ. ಮರುಚಾಲನೆ ಆದಕೂಡಲೇ ಎಲ್ಲವನ್ನೂ ಅಳಿಸಿ ಮೊದಲಿನಂತೆ ಮಾಡುವ ತಂತ್ರಾಂಶ ನಿಮ್ಮ ಲ್ಯಾಬಿನಲ್ಲಿದ್ದರೆ ಕುಕಿ (ಗುರುತಿಗೆಂದು ತಾಣ ಬ್ರೌಸರಿನಲ್ಲಿ ಇಡುವ ಪುಟ್ಟ ಕಡತ) ಉಳಿಯದು, ಅದೇ ಯಂತ್ರ ದಿನಾ ಬೆಳಿಗ್ಗೆ ಹೊಸ ಸಂದರ್ಶಕ. ಐಪಿ ವಿಳಾಸ (ಇಂಟರ್‌ನೆಟ್ ಸಂಪರ್ಕದ ಸಂಖ್ಯೆ) ಹಿಡಿದು ಎಣಿಸಿದರೆ ಉಲ್ಟಾ: ಇಡೀ ಕಾಲೇಜು ಒಂದೇ ವಿಳಾಸದ ಹಿಂದಿರುವುದರಿಂದ ಅರವತ್ತು ಯಂತ್ರ ಸೇರಿ ಒಂದೇ.

ಇನ್ನೊಂದು ಮೋಸ ಮೊಬೈಲಿನಿಂದ ಬರುತ್ತದೆ. ಫಲಿತಾಂಶದ ಪುಟ ಫೋನಿನಲ್ಲಿ ಸರಿ ಕಾಣದಿದ್ದಾಗ ಕ್ರೋಮ್‌ನಲ್ಲಿ ‘ಡೆಸ್ಕ್‌ಟಾಪ್ ಸೈಟ್’ ಗುರುತು ಹಾಕುತ್ತೀರಲ್ಲ, ಆಗ ಆ್ಯಂಡ್ರಾಯ್ಡ್ ಫೋನ್ ತನ್ನನ್ನು ಲಿನಕ್ಸ್ ಡೆಸ್ಕ್‌ಟಾಪ್ ಎಂದೇ ಹೇಳಿಕೊಳ್ಳುತ್ತದೆ. ಬ್ರೌಸರ್ ತನ್ನ ಗುರುತಾಗಿ ಕಳಿಸುವ ಆ ಒಂದು ಸಾಲನ್ನಷ್ಟೇ ನಂಬುವ ಎಣಿಕೆಯಲ್ಲಿ ಲಿನಕ್ಸ್ ಉಬ್ಬುತ್ತದೆ. 2019ರ ನಂತರದ ಐಪ್ಯಾಡ್‌ಗಳ ಸಫಾರಿಯೂ ಹೀಗೇ ತನ್ನನ್ನು ಮ್ಯಾಕ್ ಎನ್ನುತ್ತದೆ. ಹಾಗಾಗಿ ಒಂದು ತಿಂಗಳ ಏರಿಳಿತ ಹಿಡಿದು ವಾದಕ್ಕೆ ಕೂರಬೇಡಿ. ಸ್ಟ್ಯಾಟ್‌ಕೌಂಟರ್ ತಾನೇ ಪ್ರಕಟಿಸಿದ ಅಂಕಿಯನ್ನು 45 ದಿನದೊಳಗೆ ತಿದ್ದುವುದುಂಟು. ಒಂದೇ ಮೂಲದ ಎರಡು-ಮೂರು ವರ್ಷದ ಗೆರೆ ನೋಡಿ. ಬೇರೆ ಮೂಲಗಳ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಕಳೆಯಬೇಡಿ.

ಪ್ರಶ್ನೆ: ನಮ್ಮ ಸಂಸ್ಥೆಯ ಜಾಲತಾಣದ ಲಾಗ್‌ನಲ್ಲಿ (ಭೇಟಿಗಳ ದಾಖಲೆಯಲ್ಲಿ) ವಿಂಡೋಸ್ 11 ಒಂದೂ ಕಾಣಿಸುತ್ತಿಲ್ಲ, ಎಲ್ಲವೂ 10. ಊರಲ್ಲಿ ಯಾರೂ 11ಕ್ಕೆ ಹೋಗಿಲ್ಲವೇ?
– ಓದುಗರು, ವಿಜಯಪುರ

ಉತ್ತರ: ಹೋಗಿದ್ದಾರೆ, ಲಾಗ್‌ಗೆ ಗೊತ್ತಾಗುತ್ತಿಲ್ಲ ಅಷ್ಟೇ. ಎರಡೂ ವಿಂಡೋಸ್‌ಗಳಲ್ಲಿ ಬ್ರೌಸರ್ ಕಳಿಸುವ ಗುರುತು ‘ವಿಂಡೋಸ್ ಎನ್‌ಟಿ 10.0’ ಎಂದೇ. ಬೇರ್ಪಡಿಸಬೇಕೆಂದರೆ ತಾಣದ ಸರ್ವರ್, ಕ್ಲೈಂಟ್ ಹಿಂಟ್ಸ್ (ಬ್ರೌಸರಿನಿಂದ ಹೆಚ್ಚಿನ ವಿವರ ಕೇಳುವ ವಿಧಾನ) ಮೂಲಕ ಪ್ಲಾಟ್‌ಫಾರ್ಮ್ ಆವೃತ್ತಿಯನ್ನು ಕೇಳಬೇಕು: 13 ಅಥವಾ ಹೆಚ್ಚು ಬಂದರೆ ವಿಂಡೋಸ್ 11, 1ರಿಂದ 10ರ ನಡುವೆ ಬಂದರೆ ವಿಂಡೋಸ್ 10. ತಾಣ ಎಚ್‌ಟಿಟಿಪಿಎಸ್‌ನಲ್ಲಿ (ಸುರಕ್ಷಿತ ಸಂಪರ್ಕದಲ್ಲಿ) ಇರಲೇಬೇಕು. ಕ್ರೋಮ್, ಎಡ್ಜ್ ಉತ್ತರ ಕೊಡುತ್ತವೆ. ಫೈರ್‌ಫಾಕ್ಸ್ ಕೊಡುವುದಿಲ್ಲ, ಅದನ್ನು ‘ತಿಳಿಯದು’ ಎಂಬ ಬೇರೆ ಸಾಲಿಗೆ ಹಾಕಿ, 10ಕ್ಕೆ ಸೇರಿಸಬೇಡಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಈ ಎಣಿಕೆ ತಪ್ಪಿದರೆ ಅಪ್‌ಡೇಟ್ ಇಲ್ಲದ ಯಂತ್ರಗಳೆಷ್ಟು ಎಂಬ ಅಂದಾಜೂ ತಪ್ಪುತ್ತದೆ.

ಪ್ರಶ್ನೆ: ಬಾಗಲಕೋಟೆ ತಾಲ್ಲೂಕಿನ ಮಟ್ಟಿಗೆ ನಾವೇ ಎಣಿಸಬೇಕೆಂದಿದ್ದೇವೆ. ಎಷ್ಟು ಯಂತ್ರ ನೋಡಿದರೆ ಸಾಕು?
– ಬಿಸಿಎ ವಿದ್ಯಾರ್ಥಿಗಳು, ಬಾಗಲಕೋಟೆ

ಉತ್ತರ: ಯಂತ್ರದ ಮುಂದೆ ಕೂತು ಎಣಿಸುವುದಕ್ಕಿಂತ ಖಚಿತವಾದದ್ದು ಬೇರೆ ಇಲ್ಲ, ಮಾಡಿ. ವಿಂಡೋಸ್ ಕೀ ಜತೆ ಆರ್ ಒತ್ತಿ ‘ವಿನ್‌ವರ್’ (winver) ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಬಿಲ್ಡ್ ಸಂಖ್ಯೆ ಬರುತ್ತದೆ; 22000 ಮತ್ತು ಮೇಲಿನದು ವಿಂಡೋಸ್ 11. ಎರಡು ವ್ಯವಸ್ಥೆ ಇರುವ ಯಂತ್ರವಾದರೆ ಹಿಂದಿನ ವಾರ ಹೆಚ್ಚು ಬಳಸಿದ್ದು ಯಾವುದು ಎಂದು ಕೇಳಿ ಅದನ್ನೇ ಬರೆಯಿರಿ, ಎರಡು ಸಲ ಎಣಿಸಬೇಡಿ.

ಕಾಲೇಜಿನ ಯಂತ್ರಗಳನ್ನಷ್ಟೇ ನೋಡಿದರೆ ಅದು ಕಾಲೇಜಿನ ಪಾಲು, ತಾಲ್ಲೂಕಿನದ್ದಲ್ಲ. ಮನೆ, ಅಂಗಡಿ, ಕಚೇರಿ, ಶಾಲೆ ಹೀಗೆ ಪಟ್ಟಿ ಮಾಡಿ ಚೀಟಿ ಎತ್ತಿ ಆರಿಸಿ. ಹಾಗೆ ಆರಿಸಿದ 400 ಯಂತ್ರಗಳಲ್ಲಿ 16 ಲಿನಕ್ಸ್ ಸಿಕ್ಕರೆ, ನಿಜವಾದ ಪಾಲು ಹೆಚ್ಚುಕಡಿಮೆ ಶೇ 2ರಿಂದ 6ರ ನಡುವೆ ಇದೆ ಎನ್ನಬಹುದು. ಮುಂದಿನ ವರ್ಷ ಅದೇ ಕ್ರಮದಲ್ಲಿ 20 ಸಿಕ್ಕರೆ ‘ಲಿನಕ್ಸ್ ಬೆಳೆಯಿತು’ ಎಂದು ಬರೆಯುವಷ್ಟು ವ್ಯತ್ಯಾಸ ಅದಲ್ಲ.